ಕಂದಕದಲ್ಲಿ ಓದಿದ ಪತ್ರಿಕೆಗಳು: ಮೊದಲ ಮಹಾಯುದ್ಧದ ಜರ್ಮನ್ ಸಿಪಾಯಿ ಪತ್ರಿಕೆಗಳನ್ನು ಮನೆಯಲ್ಲೇ ಕೂತು ಹುಡುಕಿ ಓದುವುದು ಹೇಗೆ?

ಹೇನು ತೆಗೆಯುವ ಶೆಡ್ಡಿಗೆ ಜರ್ಮನ್ ಸಿಪಾಯಿಗಳು ಇಟ್ಟ ಹೆಸರು 'ಲೌಸೊಲೆಯುಮ್'. ಲೌಸ್ ಅಂದರೆ ಹೇನು. ಮೌಸೊಲೆಯುಮ್ ಅಂದರೆ ದೊಡ್ಡವರ ಸಮಾಧಿ ಮಂಟಪ. ಎರಡನ್ನೂ ಬೆಸೆದರೆ ಹೇನಿನ ಗೋರಿ! ಇಂಥ ಮಾತು ಸೇನಾಪತಿಗಳ ಆತ್ಮಕಥೆಯಲ್ಲಿ ಸಿಗುವುದಿಲ್ಲ. ಸಿಗುವುದು ಕಂದಕದಲ್ಲಿ ಕೂತ ಕಾಲಾಳುಗಳಿಗಾಗಿ ಅಚ್ಚಾದ ಪುಟ್ಟ ಪತ್ರಿಕೆಗಳಲ್ಲಿ.

1914ರ ಕೊನೆಗೆ ಪಶ್ಚಿಮ ರಂಗದಲ್ಲಿ, ಅಂದರೆ ಫ್ರಾನ್ಸ್, ಬೆಲ್ಜಿಯಂ ಕಡೆ, ಯುದ್ಧ ನಿಂತಲ್ಲೇ ನಿಂತಿತು. ಎರಡೂ ಕಡೆಯವರು ನೆಲ ತೋಡಿ ಕೂತರು. ಸಾವಿನ ಭಯ ಒಂದು ಕಡೆಯಾದರೆ, ಬೇಜಾರು ಇನ್ನೊಂದು ಕಡೆ. ಊರಿನ ಪತ್ರಿಕೆ ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಹಾಗಾಗಿ ರಂಗದಲ್ಲೇ ಪತ್ರಿಕೆಗಳು ಹುಟ್ಟಿಕೊಂಡವು. ಇವತ್ತು ಅವುಗಳಲ್ಲಿ ಎಷ್ಟೋ ಉಚಿತವಾಗಿ ನೆಟ್‌ನಲ್ಲಿವೆ. ನಿಮಗೆ ಜರ್ಮನ್ ಬರದಿದ್ದರೂ ಓದಬಹುದು. ನನಗೂ ಶುರುವಿನಲ್ಲಿ 'ಡಾಂಕೆ' (ಧನ್ಯವಾದ) ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಹೆಜ್ಜೆ 1: ಯಾವ ಮಟ್ಟದ ಪತ್ರಿಕೆ ಅಂತ ತಿಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. 'ಸೈನಿಕರ ಪತ್ರಿಕೆ' ಅಂದ ತಕ್ಷಣ ಸೈನಿಕರೇ ಬರೆದದ್ದು ಅಂದುಕೊಳ್ಳುತ್ತಾರೆ. ಪೂರ್ತಿ ನಿಜವಲ್ಲ.

ಮೇಲಿನ ಮೆಟ್ಟಿಲಲ್ಲಿ ಇಡೀ ಒಂದು ಸೇನೆಗೆ (ಜರ್ಮನರಲ್ಲಿ 3ನೇ ಸೇನೆ, 4ನೇ ಸೇನೆ ಅಂತ ಹಲವಿದ್ದವು) ಬರುತ್ತಿದ್ದ ಪತ್ರಿಕೆಗಳಿವೆ. ಇವುಗಳಿಗೆ 'ಆರ್ಮೇತ್ಸೈಟುಂಗ್' ಅಂತ ಹೆಸರು. ಎಲ್ಲಕ್ಕಿಂತ ಹೆಸರಾದದ್ದು 'ಲಿಲ್ಲರ್ ಕ್ರೀಗ್ಸ್‌ತ್ಸೈಟುಂಗ್', ಅಂದರೆ ಲಿಲ್ ಊರಿನ ಯುದ್ಧಪತ್ರಿಕೆ. ಲಿಲ್ ಉತ್ತರ ಫ್ರಾನ್ಸಿನ ಕೈಗಾರಿಕಾ ನಗರ. 1914ರ ಅಕ್ಟೋಬರ್‌ನಲ್ಲಿ ಜರ್ಮನರ ವಶವಾಯಿತು. ಡಿಸೆಂಬರ್‌ನಲ್ಲೇ ಪತ್ರಿಕೆ ಶುರುವಾಯಿತು. ಸಂಪಾದಕ ಪೌಲ್ ಓಸ್ಕರ್ ಹ್ಯೋಕರ್, ಯುದ್ಧಕ್ಕೆ ಮೊದಲೇ ಹೆಸರು ಮಾಡಿದ್ದ ಕಾದಂಬರಿಕಾರ. ಆಗ ಸೇನೆಯಲ್ಲಿ ಕ್ಯಾಪ್ಟನ್. ಚಿತ್ರ ಬರೆದವರಲ್ಲಿ ಮ್ಯೂನಿಕ್‌ನ ವ್ಯಂಗ್ಯಚಿತ್ರಕಾರ ಕಾರ್ಲ್ ಆರ್ನಾಲ್ಡ್ ಇದ್ದರು. ಅಂದರೆ ಪಕ್ಕಾ ವೃತ್ತಿಪರರ ಕೆಲಸ. ಒಳ್ಳೆಯ ಕಾಗದ, ಒಳ್ಳೆಯ ಅಚ್ಚು. ಶಾಂಪೇನ್ ಪ್ರದೇಶದ 3ನೇ ಸೇನೆಗೆ 'ಶಾಂಪೇನ್ ಕಾಮೆರಾಡ್' ಇತ್ತು. ಬೆಲ್ಜಿಯಂ ಕಡೆಯ 4ನೇ ಸೇನೆಗೂ ತನ್ನದೇ ಯುದ್ಧಪತ್ರಿಕೆ ಇತ್ತು.

ಕೆಳಗಿನ ಮೆಟ್ಟಿಲಲ್ಲಿ ರೆಜಿಮೆಂಟ್ ಅಥವಾ ಅದಕ್ಕಿಂತ ಚಿಕ್ಕ ತುಕಡಿಯ ಪತ್ರಿಕೆಗಳು. ಇವೇ ನಿಜವಾದ ಕಂದಕ ಪತ್ರಿಕೆಗಳು, ಜರ್ಮನ್‌ನಲ್ಲಿ 'ಶ್ಯುಟ್ಸೆನ್‌ಗ್ರಾಬೆನ್‌ತ್ಸೈಟುಂಗ್'. ಹೆಸರು ಹೇಳುವಷ್ಟರಲ್ಲಿ ಕಾಫಿ ಆರುತ್ತದೆ, ಇರಲಿ. ಬವೇರಿಯಾದ ಲಾಂಡ್‌ವೇರ್ ಪಡೆಯ 'ಡ್ರಾಟ್‌ಫೆರ್‌ಹೌ' ಈ ಗುಂಪಿಗೆ ಸೇರಿದ್ದು. ಲಾಂಡ್‌ವೇರ್ ಅಂದರೆ ಸ್ವಲ್ಪ ವಯಸ್ಸಾದ, ಹೆಂಡತಿ ಮಕ್ಕಳಿದ್ದ ಮೀಸಲು ಸೈನಿಕರು. ಡ್ರಾಟ್‌ಫೆರ್‌ಹೌ ಅಂದರೆ ಮುಳ್ಳುತಂತಿ ಬೇಲಿ. ಸಿಪಾಯಿಗಳ ಬಾಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇತ್ತು: ಊಟಕ್ಕೆ ಹಾಕುತ್ತಿದ್ದ ಒಣ ತರಕಾರಿಯ ಗಂಜಿ!

ನಡುವೆ ಡಿವಿಷನ್ ಮಟ್ಟದ ಪತ್ರಿಕೆಗಳೂ ಇವೆ. ಅವುಗಳ ಸ್ವಭಾವವೂ ನಡುವಿನದೇ.

ನನ್ನ ಅನುಭವದಲ್ಲಿ ಒಂದು ಅಳತೆಗೋಲು ಕೆಲಸ ಮಾಡುತ್ತದೆ. ಅಚ್ಚಿನ ಯಂತ್ರ ಕಂದಕದಿಂದ ಎಷ್ಟು ದೂರ ಇತ್ತು? ದೂರ ಜಾಸ್ತಿಯಾದಷ್ಟೂ ಚಿತ್ರ ಚಂದ, ಮಾತು ನಯ, ದೂರು ಕಮ್ಮಿ. ಮುಂದಿನ ಹೆಜ್ಜೆಗಳಲ್ಲೂ ಈ ಪ್ರಶ್ನೆಯನ್ನು ಕೈಬಿಡಬೇಡಿ.

ಹೆಜ್ಜೆ 2: ಎಲ್ಲಿ ಹುಡುಕಬೇಕು

ಮೊದಲು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದ ಡಿಜಿಟಲ್ ಸಂಗ್ರಹಕ್ಕೆ ಹೋಗಿ. ಅಲ್ಲಿ ಈ ಪತ್ರಿಕೆಗಳಿಗೇ ಒಂದು ವಿಭಾಗ ಇದೆ. ಲಿಲ್ಲರ್ ಕ್ರೀಗ್ಸ್‌ತ್ಸೈಟುಂಗ್ ಅಲ್ಲೇ ಸಿಗುತ್ತದೆ. ಲಾಗಿನ್ ಬೇಡ, ದುಡ್ಡೂ ಬೇಡ. ಹುಡುಕಾಟದ ಪೆಟ್ಟಿಗೆಯಲ್ಲಿ 'ಫೆಲ್ಟ್‌ತ್ಸೈಟುಂಗ್' ಎಂಬ ಪದ ಹಾಕಿ. ರಣರಂಗದ ಪತ್ರಿಕೆ ಅಂತ ಅರ್ಥ. ಉಚ್ಚಾರದಂತೆ ಬರೆದರೆ ಏನೂ ಸಿಗದು. ಅಕ್ಷರ ಹೀಗೆ: ಎಫ್, ಇ, ಎಲ್, ಡಿ, ಝಡ್, ಇ, ಐ, ಟಿ, ಯು, ಎನ್, ಜಿ.

ಆಮೇಲೆ ಬರ್ಲಿನ್‌ನ ಸ್ಟಾಟ್ಸ್‌ಬಿಬ್ಲಿಯೊಥೆಕ್ (ರಾಜ್ಯ ಗ್ರಂಥಾಲಯ), ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹ 'ಗಾಲಿಕಾ', ಮತ್ತು ಯುರೋಪಿನ ಹಲವು ಸಂಗ್ರಹಗಳನ್ನು ಒಟ್ಟಿಗೆ ಹುಡುಕುವ ತಾಣ 'ಯುರೋಪಿಯಾನಾ' ನೋಡಿ. ಸ್ಟುಟ್‌ಗಾರ್ಟ್‌ನ ರಾಜ್ಯ ಗ್ರಂಥಾಲಯದಲ್ಲೂ ದೊಡ್ಡ ಯುದ್ಧ ಸಂಗ್ರಹ ಇದೆ. ಅದು ಶುರುವಾದದ್ದು 1915ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ.

ಒಂದು ಎಚ್ಚರಿಕೆ. ಹುಡುಕುವಾಗ 'ಗಜೆಟ್ ದೆಸ್ ಅರ್ದೆನ್' ಎಂಬ ಪತ್ರಿಕೆ ಪದೇ ಪದೇ ಎದುರಾಗುತ್ತದೆ. ಜರ್ಮನರೇ ಪ್ರಕಟಿಸಿದ್ದು ನಿಜ. ಆದರೆ ಅದು ಫ್ರೆಂಚ್‌ನಲ್ಲಿದೆ, ವಶವಾದ ಪ್ರದೇಶದ ಫ್ರೆಂಚ್ ಜನರಿಗೆ ಅಂತ ಮಾಡಿದ ಪ್ರಚಾರ. ಸಿಪಾಯಿ ಪತ್ರಿಕೆಯಲ್ಲ. ಪಕ್ಕಕ್ಕಿಡಿ.

ಹೆಜ್ಜೆ 3: ತಲೆಪಟ್ಟಿ ಮತ್ತು ಕೊನೆಯ ಸಾಲು ಓದಿ

ಲೇಖನಕ್ಕೆ ಹಾರಬೇಡಿ. ಮೊದಲ ಪುಟದ ತಲೆಪಟ್ಟಿ, ಕೊನೆಯ ಪುಟದ ಅಡಿಯ ಸಣ್ಣ ಅಕ್ಷರ, ಇವೆರಡು ಸಾಕು ಅರ್ಧ ಜಾತಕ ಗೊತ್ತಾಗಲು. 'ಹೆರೌಸ್‌ಗೆಗೇಬೆನ್' ಅಂದರೆ ಪ್ರಕಟಿಸಿದವರು. 'ಶ್ರಿಫ್ಟ್‌ಲೈಟುಂಗ್' ಅಂದರೆ ಸಂಪಾದಕೀಯ ಬಳಗ. 'ಡ್ರುಕ್' ಅಂದರೆ ಮುದ್ರಣ. ಎ.ಓ.ಕೆ. ಎಂಬ ಮೂರಕ್ಷರ ಕಂಡರೆ ಅದು ಒಂದು ಸೇನೆಯ ಪ್ರಧಾನ ಕಚೇರಿ. ಅಲ್ಲಿಗೆ ಸೈನಿಕ ಅಧಿಕಾರಿಯ ಕಣ್ಣು ತಪ್ಪಿಸಿ ಒಂದು ಸಾಲೂ ಹೊರಬಂದಿಲ್ಲ ಅಂತ ಲೆಕ್ಕ.

'ಇಮ್ ಫೆಲ್ಡೆ' ಅಂತ ಊರಿನ ಹೆಸರಿನ ಜಾಗದಲ್ಲಿ ಕಾಣಬಹುದು. ಅದು ಊರಲ್ಲ. 'ರಣರಂಗದಲ್ಲಿ' ಅಂತ ಅರ್ಥ. ಜಾಗ ಗುಟ್ಟಾಗಿರಲಿ ಅಂತ ಹಾಗೆ ಹಾಕುತ್ತಿದ್ದರು. ನಾನು ಭೂಪಟದಲ್ಲಿ ಇಮ್ ಫೆಲ್ಡೆ ಎಲ್ಲಿದೆ ಅಂತ ಹುಡುಕಿದ್ದೆ. ನಗಬೇಡಿ.

ಕಾಲವನ್ನೂ ಇಲ್ಲೇ ಬರೆದುಕೊಳ್ಳಿ. 1915ರ ಅಕ್ಟೋಬರ್‌ನಲ್ಲಿ ಸೇನೆಯ ಹೈಕಮಾಂಡ್ 'ಕ್ರೀಗ್ಸ್‌ಪ್ರೆಸ್ಸೆಆಮ್ಟ್' ಎಂಬ ಯುದ್ಧ ಪತ್ರಿಕಾ ಕಚೇರಿ ತೆರೆಯಿತು. 1916ರಲ್ಲಿ ಅದರ ಅಡಿಯಲ್ಲಿ ರಂಗದ ಪತ್ರಿಕೆಗಳಿಗೆ ಸಿದ್ಧ ಲೇಖನ ಕಳಿಸುವ ಇನ್ನೊಂದು ಕಚೇರಿ ಬಂತು. 1917ರ ಬೇಸಿಗೆಯಲ್ಲಿ ಸೈನಿಕರಿಗೆ 'ದೇಶಭಕ್ತಿ ಪಾಠ' ಶುರುವಾಯಿತು. ಹೀಗಾಗಿ 1915ರ ಸಂಚಿಕೆಯೂ 1917ರ ಸಂಚಿಕೆಯೂ ಒಂದೇ ಹೆಸರಿನವಾದರೂ ಒಂದೇ ಪತ್ರಿಕೆಯಲ್ಲ. ಮೊದಲಿನದರಲ್ಲಿ ಹರಟೆ ಇದ್ದ ಜಾಗದಲ್ಲಿ ಆಮೇಲಿನದರಲ್ಲಿ ಉಪದೇಶ ಕೂತಿರುತ್ತದೆ.

ಹೆಜ್ಜೆ 4: ಅಕ್ಷರದ ಜೊತೆ ಕುಸ್ತಿ

ಇಲ್ಲಿ ತಾಳ್ಮೆ ಬೇಕು. ಈ ಪತ್ರಿಕೆಗಳು 'ಫ್ರಾಕ್ಟುರ್' ಎಂಬ ಹಳೆಯ ಜರ್ಮನ್ ಅಚ್ಚಕ್ಷರದಲ್ಲಿವೆ. ಮೂಲೆ ಮುರಿದ, ಮುಳ್ಳುಮುಳ್ಳು ಅಕ್ಷರ. ಒಂದನೇ ಕ್ಲಾಸಿನ ಮಗು ಪ, ಷ, ಫ ಮೂರನ್ನೂ ಕಲಸಿಕೊಳ್ಳುತ್ತದಲ್ಲ, ಅದೇ ಗತಿ ನಮಗೆ. ದೊಡ್ಡ ಬಿ ಮತ್ತು ವಿ ಒಂದೇ ಥರ. ಚಿಕ್ಕ ಕೆ ಮತ್ತು ಟಿ ಅವಳಿ ಜವಳಿ. ದೊಡ್ಡ ಐ ಮತ್ತು ಜೆಗೆ ಒಂದೇ ಅಕ್ಷರ.

ಎಲ್ಲಕ್ಕಿಂತ ಕಾಟ ಕೊಡುವುದು 'ಉದ್ದ ಎಸ್'. ಪದದ ನಡುವೆ ಬರುವ ಎಸ್ ಅಕ್ಷರ ನೋಡಲು ಎಫ್ ಥರಾನೇ ಇರುತ್ತದೆ. ವ್ಯತ್ಯಾಸ ಇಷ್ಟೇ: ಎಫ್‌ನ ಅಡ್ಡಗೆರೆ ಕಂಬವನ್ನು ದಾಟಿ ಬಲಕ್ಕೆ ಹೋಗುತ್ತದೆ, ಉದ್ದ ಎಸ್‌ನಲ್ಲಿ ದಾಟುವುದಿಲ್ಲ. ನೂರು ವರ್ಷದ ಕಾಗದದ ಸ್ಕ್ಯಾನ್‌ನಲ್ಲಿ ಅಷ್ಟು ಸೂಕ್ಷ್ಮ ಎಲ್ಲಿ ಕಾಣಬೇಕು!

ಒಮ್ಮೆ ಅಡುಗೆಯವನ ಮೇಲಿನ ಒಂದು ಜೋಕನ್ನು ಫೋನಿನ ಅನುವಾದಕ್ಕೆ ಕೊಟ್ಟೆ. 'ಸೂಪಿನಲ್ಲಿ ಆಯುಧ ಜಾಸ್ತಿಯಾಯಿತು' ಅಂತ ಬಂತು. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಗೊತ್ತಾಯಿತು. ಮೂಲದಲ್ಲಿ ಇದ್ದದ್ದು 'ವಾಸ್ಸರ್', ಅಂದರೆ ನೀರು. ಎರಡು ಉದ್ದ ಎಸ್‌ಗಳನ್ನು ಯಂತ್ರ ಎರಡು ಎಫ್ ಅಂತ ಓದಿತ್ತು. 'ವಾಫ್ಫೆ' ಅಂದರೆ ಆಯುಧ. ನೀರು ಆಯುಧವಾಯಿತು. ಅಂದಿನಿಂದ ಎರಡು ಎಫ್ ಕಂಡರೆ ಮೂಲ ಪುಟಕ್ಕೆ ಹೋಗಿ ನೋಡುತ್ತೇನೆ.

ಕೆಲಸ ಹೀಗೆ ಮಾಡಿ. ಪುಟವನ್ನು ಸಿಗುವ ಅತಿ ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಿ. ಒಂದು ಅಂಕಣವನ್ನು ಮಾತ್ರ ಕತ್ತರಿಸಿ. ಇಡೀ ಪುಟ ಕೊಟ್ಟರೆ ಯಂತ್ರ ಈ ಅಂಕಣದ ಸಾಲನ್ನು ಆ ಅಂಕಣಕ್ಕೆ ಅಂಟಿಸಿಬಿಡುತ್ತದೆ. 'ಟೆಸ್ಸೆರಾಕ್ಟ್' ಎಂಬ ಉಚಿತ ತಂತ್ರಾಂಶಕ್ಕೆ ಫ್ರಾಕ್ಟುರ್ ಓದುವ ಪ್ಯಾಕ್ ಸಿಗುತ್ತದೆ. ಬಂದ ಪಠ್ಯವನ್ನು ಮೂಲದ ಪಕ್ಕ ಇಟ್ಟು ಕೈಯಿಂದ ತಿದ್ದಿ. ಆಮೇಲಷ್ಟೇ ಅನುವಾದಕ್ಕೆ ಕೊಡಿ. ಮೊದಲ ಅಂಕಣಕ್ಕೆ ಒಂದು ಸಂಜೆ ಹಿಡಿಯುತ್ತದೆ. ಹತ್ತನೆಯದಕ್ಕೆ ಕಾಲು ಗಂಟೆ.

ಸಣ್ಣ ತುಕಡಿಗಳ ಪತ್ರಿಕೆ ಕೆಲವೊಮ್ಮೆ ಅಚ್ಚಿನ ಮೊಳೆ ಇಲ್ಲದೆ, ಕೈಯಲ್ಲಿ ಬರೆದು ಪ್ರತಿ ತೆಗೆದದ್ದು. ಕಲ್ಲಚ್ಚೂ ಇತ್ತು. ಕಲ್ಲಚ್ಚು ನಮಗೆ ಹೊಸದೇನಲ್ಲ. 1843ರಲ್ಲಿ ಜರ್ಮನಿಯ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ತಂದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಬಂದದ್ದು. ಕೈಬರಹದ ಹಾಳೆ ಸಿಕ್ಕರೆ ಅದು 'ಕುರೆಂಟ್' ಎಂಬ ಹಳೆಯ ಮೋಡಿ ಲಿಪಿ. ಅದರಲ್ಲಿ ಇ ಅಕ್ಷರ ಎನ್ ಥರ ಕಾಣುತ್ತದೆ. ಅದಕ್ಕೆ 'ಟ್ರಾನ್ಸ್‌ಕ್ರಿಬುಸ್' ಎಂಬ ತಂತ್ರಾಂಶ ನೆರವಾಗುತ್ತದೆ. ಆದರೆ ಹೊಸಬರು ಅಚ್ಚಕ್ಷರದಿಂದಲೇ ಶುರುಮಾಡಿ, ಸುಮ್ನೆ ಕೈ ಸುಟ್ಟುಕೊಳ್ಳಬೇಡಿ.

ಹೆಜ್ಜೆ 5: ಸಿಪಾಯಿ ಭಾಷೆಗೆ ಒಂದು ಪುಟ್ಟ ನಿಘಂಟು

ಯಂತ್ರ ಪದಶಃ ಅನುವಾದ ಮಾಡುತ್ತದೆ. ಸಿಪಾಯಿ ಮಾತು ಅಲ್ಲೇ ಸಾಯುತ್ತದೆ. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ನನ್ನ ಪುಸ್ತಕದ ಮೊದಲ ಪುಟದಿಂದ ಕೆಲವು ಕೊಡುತ್ತೇನೆ.

'ಗೂಲಾಶ್‌ಕನೋನೆ' ಅಂದರೆ ಗೂಲಾಶ್ (ಮಾಂಸದ ಸಾರು) ತೋಪು. ಯಾವ ತೋಪೂ ಅಲ್ಲ, ಗಾಲಿ ಮೇಲಿನ ಅಡುಗೆ ಒಲೆ. ಹೊಗೆಕೊಳವೆ ತೋಪಿನ ಬಾಯಿ ಥರ ಇತ್ತು. 'ಕೋಲ್‌ಡಾಂಪ್ಫ್' ಅಂದರೆ ಹಸಿವು. 'ಡಿಕೆ ಲುಫ್ಟ್', ದಪ್ಪ ಗಾಳಿ, ಅಂದರೆ ಗುಂಡು ಬೀಳುತ್ತಿದೆ, ತಲೆ ತಗ್ಗಿಸು ಅಂತ. 'ಲೀಬೆಸ್‌ಗಾಬೆನ್' ಊರಿನಿಂದ ಪ್ರೀತಿಯಿಂದ ಬರುವ ಪಾರ್ಸೆಲ್: ಕಾಲುಚೀಲ, ಸಿಗಾರ್, ತಿಂಡಿ. ಯುದ್ಧ ಮುಗಿಯುವಷ್ಟರಲ್ಲಿ ಜರ್ಮನ್ ಸೇನಾ ಅಂಚೆ ಸಾಗಿಸಿದ ಪತ್ರ, ಪಾರ್ಸೆಲ್‌ಗಳು ಸುಮಾರು 2870 ಕೋಟಿ. ಹಾಗಾಗಿ ಅಂಚೆಯ ಮೇಲಿನ ಜೋಕು ಎಲ್ಲೆಲ್ಲೂ ಸಿಗುತ್ತದೆ.

'ಹೈಮಾಟ್‌ಶುಸ್' ಅಂದರೆ ಊರಿಗೆ ಕಳಿಸುವ ಗುಂಡು. ಸಾಯುವಷ್ಟು ದೊಡ್ಡದಲ್ಲದ, ಆದರೆ ಮನೆಗೆ ಕಳಿಸುವಷ್ಟು ಗಾಯ. ಎಷ್ಟೋ ಜನ ಅದನ್ನು ಹಾರೈಸುತ್ತಿದ್ದರು. ಈ ಒಂದು ಪದ ಹತ್ತು ಸಂಪಾದಕೀಯಕ್ಕೆ ಸಮ.

'ಎಟಾಪ್ಪೆ' ಅನ್ನುವುದನ್ನು ಗುರುತು ಹಾಕಿಕೊಳ್ಳಿ. ರಂಗದ ಹಿಂದಿನ ಸುರಕ್ಷಿತ ಪ್ರದೇಶ. ಕಚೇರಿ, ಗೋದಾಮು, ರೈಲು, ಆಸ್ಪತ್ರೆ, ಅಚ್ಚಿನ ಮನೆ ಎಲ್ಲ ಅಲ್ಲೇ. ಕಂದಕದವರಿಗೆ ಅಲ್ಲಿನವರನ್ನು ಕಂಡರೆ ಆಗುತ್ತಿರಲಿಲ್ಲ. 'ಎಟಾಪ್ಪೆ ಹಂದಿ' ಅಂತಲೇ ಬೈಯುತ್ತಿದ್ದರು. ತಮಾಷೆ ಏನು ಗೊತ್ತಾ? ದೊಡ್ಡ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದೂ ಅದೇ ಎಟಾಪ್ಪೆಯಲ್ಲಿ.

ಹೆಜ್ಜೆ 6: ದಿನಾಂಕ ಇಲ್ಲದ ಹಾಳೆಯ ವಯಸ್ಸು ಹೇಳುವುದು

ಬಿಡಿ ಪುಟವೋ, ಕತ್ತರಿಸಿದ ಚಿತ್ರವೋ ಸಿಕ್ಕರೆ ದಿನಾಂಕ ಇರುವುದಿಲ್ಲ. ಆಗ ಎರಡು ಉಪಾಯ.

ಮೊದಲನೆಯದು ಸಾಲದ ಜಾಹೀರಾತು. ಜರ್ಮನ್ ಸರ್ಕಾರ ಯುದ್ಧಕ್ಕೆ ಜನರಿಂದ ಒಂಬತ್ತು ಸಲ ಸಾಲ ಎತ್ತಿತು. ಹೆಸರು 'ಕ್ರೀಗ್ಸ್‌ಆನ್‌ಲೈಹೆ'. ಮೊದಲನೆಯದು 1914ರ ಸೆಪ್ಟೆಂಬರ್. ಆಮೇಲೆ ಪ್ರತಿ ಮಾರ್ಚ್, ಪ್ರತಿ ಸೆಪ್ಟೆಂಬರ್ ತಪ್ಪದೆ ಒಂದೊಂದು. ಅಂದರೆ ಬೆಸ ಸಂಖ್ಯೆ ಕಂಡರೆ ಸೆಪ್ಟೆಂಬರ್, ಸಮ ಸಂಖ್ಯೆ ಕಂಡರೆ ಮಾರ್ಚ್. ಪುಟದ ಮೂಲೆಯಲ್ಲಿ '6ನೇ ಯುದ್ಧಸಾಲಕ್ಕೆ ಹಣ ಹೂಡಿ' ಅಂತಿದ್ದರೆ ಅದು 1917ರ ಮಾರ್ಚ್ ಆಸುಪಾಸು. ಒಂಬತ್ತನೆಯದು ಕಂಡರೆ 1918ರ ಸೆಪ್ಟೆಂಬರ್, ಯುದ್ಧದ ಕೊನೆಯ ದಿನಗಳು.

ಎರಡನೆಯದು ತಲೆ ಮೇಲಿನ ಟೋಪಿ. ನೆತ್ತಿಯಲ್ಲಿ ಮೊನೆ ಇರುವ ಚರ್ಮದ ಟೋಪಿ, 'ಪಿಕೆಲ್‌ಹೌಬೆ', ಯುದ್ಧದ ಮೊದಲ ಭಾಗದ್ದು. ಕಿವಿ, ಕತ್ತು ಮುಚ್ಚುವ ಉಕ್ಕಿನ ಹೆಲ್ಮೆಟ್ ರಂಗಕ್ಕೆ ಬಂದದ್ದು 1916ರಲ್ಲಿ, ಫ್ರಾನ್ಸಿನ ವೆರ್ದ್ಯುನ್ ಕಾಳಗದ ಹೊತ್ತಿಗೆ. ಚಿತ್ರದ ಸಿಪಾಯಿಗೆ ಉಕ್ಕಿನ ಹೆಲ್ಮೆಟ್ ಇದ್ದರೆ ಅದು 1916ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಮೊನೆ ಟೋಪಿ ಇದ್ದರೆ ಮಾತ್ರ ಅಷ್ಟು ಖಚಿತವಾಗಿ ಹೇಳಬೇಡಿ. ಹಿಂದಿನ ಪ್ರದೇಶದವರು ಅದನ್ನು ಆಮೇಲೂ ಹಾಕುತ್ತಿದ್ದರು.

ಹೆಜ್ಜೆ 7: ಹಿಂದಿನ ಪುಟದಿಂದ ಓದಿ

ಮೊದಲ ಪುಟದಲ್ಲಿ ಗೆಲುವಿನ ಸುದ್ದಿ, ಕೈಸರ್ (ಜರ್ಮನ್ ಚಕ್ರವರ್ತಿ) ಮಾತು, ಭಾರದ ಪದ್ಯ. ಅದನ್ನು ಆಮೇಲೆ ನೋಡಿದರಾಯಿತು. ಕೊನೆಯ ಪುಟದಲ್ಲಿ ಜೋಕು, ಒಗಟು, ಜಾಹೀರಾತು, ಕಾರ್ಯಕ್ರಮಪಟ್ಟಿ. ಓದುಗ ಯಾರು ಅಂತ ಹೇಳುವುದು ಅದೇ.

ಲಿಲ್ ಪತ್ರಿಕೆಯಲ್ಲಿ ನಾಟಕ, ಸಂಗೀತದ ಸುದ್ದಿ ಇದೆ. ಯುದ್ಧ ಶುರುವಾದಾಗ ಲಿಲ್‌ನ ಹೊಸ ಆಪೆರಾ ಕಟ್ಟಡ ಅರ್ಧಕ್ಕೆ ನಿಂತಿತ್ತು. ಅದನ್ನು ಸರಿಮಾಡಿ 1915ರ ಕೊನೆಯಲ್ಲಿ ತಮ್ಮ ರಂಗಮಂದಿರ ಮಾಡಿಕೊಂಡವರು ಜರ್ಮನರೇ. ಸಂಜೆ ಹೊತ್ತು ನಾಟಕಕ್ಕೆ ಹೋಗುವವನು ಯಾರು? ಕೆಸರಿನಲ್ಲಿ ಕೂತವನು ರಜೆ ಸಿಕ್ಕಾಗ ಒಂದು ಸಲ ಹೋದಾನು. ದಿನಾ ಹೋಗುವವನು ಎಟಾಪ್ಪೆಯವನು.

ಹೆಜ್ಜೆ 8: ಇಲ್ಲದ್ದನ್ನು ಹುಡುಕಿ

ಇದಕ್ಕೆ ಒಂದು ಕ್ಯಾಲೆಂಡರ್ ಬೇಕು. ಒಂದು ಘಟನೆ ಆರಿಸಿ, ಆ ವಾರದ ಸಂಚಿಕೆಗಳನ್ನು ತೆರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. 1916ರ ಈಸ್ಟರ್ ಹಬ್ಬ ಏಪ್ರಿಲ್ 23ಕ್ಕೆ. ಆ ದಿನಗಳಲ್ಲಿ ಜರ್ಮನ್ ಸೈನಿಕರು ಲಿಲ್ ಮತ್ತು ಪಕ್ಕದ ರೂಬೆ, ತೂರ್ಕ್ವಾಂಗ್ ಊರುಗಳ ಬೀದಿ ಬೀದಿ ಸುತ್ತಿದರು. ಸುಮಾರು 20,000 ಜನರನ್ನು ಮನೆಗಳಿಂದ ಎಬ್ಬಿಸಿ, ಹಳ್ಳಿಗಳ ಹೊಲದ ಕೆಲಸಕ್ಕೆ ರೈಲಿನಲ್ಲಿ ಸಾಗಿಸಿದರು. ಹೆಂಗಸರು, ಹರೆಯದ ಹುಡುಗಿಯರು ಬಹಳ ಇದ್ದರು. ಪತ್ರಿಕೆ ಅಚ್ಚಾಗುತ್ತಿದ್ದದ್ದು ಅದೇ ಊರಿನಲ್ಲಿ. ಈಗ ಆ ಏಪ್ರಿಲ್ ಸಂಚಿಕೆಗಳನ್ನು ಸಾಲಾಗಿ ತೆರೆದಿಡಿ. ಹಬ್ಬದ ಪದ್ಯಕ್ಕೆ ಎಷ್ಟು ಜಾಗ, ಊರಿನ ಜನಕ್ಕೆ ಎಷ್ಟು ಜಾಗ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿಯೂ ಸೆಂಟಿಮೀಟರ್ ಲೆಕ್ಕ ಬರೆದಿಡಿ. ಆಮೇಲೆ ವಾದ ಮಾಡಲು ಕೈಯಲ್ಲಿ ಏನಾದರೂ ಇರುತ್ತದೆ.

ಹೀಗೇ 1916ರ ಜುಲೈ 1, ಫ್ರಾನ್ಸಿನ ಸೋಮ್ ನದಿ ಬಳಿಯ ಕಾಳಗ ಶುರುವಾದ ದಿನ. 1916–17ರ ಚಳಿಗಾಲ, ಜರ್ಮನಿಯಲ್ಲಿ ಆಲೂಗಡ್ಡೆ ಸಿಗದೆ ಜನ ದನದ ಮೇವಿನ ಗಡ್ಡೆ ತಿಂದ ಕಾಲ. ಸಿಪಾಯಿಗೆ ಮನೆಯಿಂದ ಕಾಗದ ಬರುತ್ತಿತ್ತು, ಹಸಿವಿನ ಸುದ್ದಿ ಅವನಿಗೆ ಗೊತ್ತಿತ್ತು. ಗೊತ್ತಿದ್ದವನ ಮುಂದೆ ಪತ್ರಿಕೆ ಏನು ಹೇಳಿತು, ಏನು ನುಂಗಿತು ಅಂತ ನೋಡುವುದೇ ಇಲ್ಲಿನ ಆಟ.

ನಡುವೆ ಒಂದು ಮಾತು: ಆಮೇಲಿನ ಪತ್ರಿಕೆಗಳು, ಹಕ್ಕುಗಳು

ಎರಡನೇ ಮಹಾಯುದ್ಧದ 'ಡಿ ವೇರ್‌ಮಾಕ್ಟ್', 'ಸಿಗ್ನಾಲ್' ಬೇರೆಯೇ ಕಥೆ. ಅವು ಬಣ್ಣ, ಫೋಟೋ ತುಂಬಿದ ನಾಜಿ ಪ್ರಚಾರ ಪತ್ರಿಕೆಗಳು. ಸಿಗ್ನಾಲ್ ಅಂತೂ ಮುಖ್ಯವಾಗಿ ವಿದೇಶಿ ಓದುಗರಿಗೆ ಮಾಡಿದ್ದು. ಯುದ್ಧ ಮುಗಿದ ಮೇಲೆ 1957ರಿಂದ 2013ರವರೆಗೆ ಬಂದ 'ಡೇರ್ ಲಾಂಡ್ಸರ್' ಸೈನಿಕರ ಪತ್ರಿಕೆಯೇ ಅಲ್ಲ, ಅಗ್ಗದ ಯುದ್ಧ ಕಥೆಗಳ ಸರಣಿ. ಲಾಂಡ್ಸರ್ ಅಂದರೆ ಸಾಮಾನ್ಯ ಸಿಪಾಯಿ, ಅದಕ್ಕೇ ಹುಡುಕಾಟದಲ್ಲಿ ತಲೆ ಹಾಕುತ್ತದೆ. ಹಳೆಯ ಪ್ರತಿ ಕೊಳ್ಳುವ ಆಸೆ ಇದ್ದರೆ ನೆನಪಿಡಿ, ಜರ್ಮನಿಯಲ್ಲಿ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಾನೂನಿನ ಕಟ್ಟುಪಾಡು ಇದೆ. ವಯಸ್ಸು ಹೇಳಲು ಇಲ್ಲೂ ಒಂದು ಗುಟ್ಟು: 1941ರ ಜನವರಿಯಲ್ಲಿ ನಾಜಿ ಪಕ್ಷವೇ ಫ್ರಾಕ್ಟುರ್ ಅಕ್ಷರ ಬೇಡ ಅಂತ ಆದೇಶ ಹೊರಡಿಸಿತು.

ಚಿತ್ರ ಬಳಸಿಕೊಳ್ಳಬೇಕಾದರೆ ಕಲಾವಿದ ಸತ್ತ ವರ್ಷ ನೋಡಿ. ಜರ್ಮನಿಯಲ್ಲಿ ಸತ್ತ ಮೇಲೆ 70 ವರ್ಷ ಕೃತಿಸ್ವಾಮ್ಯದ ಹಕ್ಕು ಉಳಿಯುತ್ತದೆ. ಹ್ಯೋಕರ್ ಹೋದದ್ದು 1944ರಲ್ಲಿ, ಆರ್ನಾಲ್ಡ್ 1953ರಲ್ಲಿ. ಅಲ್ಲಿಗೆ 2024ರ ಜನವರಿಯಿಂದ ಆರ್ನಾಲ್ಡ್ ಚಿತ್ರಗಳಿಗೂ ಆ ತಡೆ ಇಲ್ಲ. ಯಾವ ಗ್ರಂಥಾಲಯದ ಸ್ಕ್ಯಾನ್ ಅಂತ ಹೆಸರು ಹಾಕುವುದು ಮರ್ಯಾದೆ.

ಹೆಜ್ಜೆ 9: ನಮ್ಮವರನ್ನು ಅವರ ಕಣ್ಣಲ್ಲಿ ನೋಡಿ

ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಲಿಲ್‌ನಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೇ ನವ್ ಶಾಪೆಲ್ ಎಂಬ ಹಳ್ಳಿ ಇದೆ. 1915ರ ಮಾರ್ಚ್ 10ರಿಂದ 13ರವರೆಗೆ ಅಲ್ಲಿ ಬ್ರಿಟಿಷ್ ಸೇನೆಯ ಜೊತೆ ಭಾರತೀಯ ಪಡೆ ದಾಳಿ ಮಾಡಿತು. ಎದುರು ನಿಂತದ್ದು ಜರ್ಮನಿಯ 6ನೇ ಸೇನೆ. ಲಿಲ್ ಪತ್ರಿಕೆಯ ಓದುಗರು ಅವರೇ.

1915ರ ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ಸಂಚಿಕೆಗಳನ್ನು ತೆರೆಯಿರಿ. 'ಇಂಡರ್' (ಐ, ಎನ್, ಡಿ, ಇ, ಆರ್) ಎಂಬ ಪದ ಹುಡುಕಿ, ಅಂದರೆ ಭಾರತೀಯರು. ಫ್ರಾಕ್ಟುರ್‌ನಲ್ಲಿ ಐ ಮತ್ತು ಜೆ ಒಂದೇ ಅಂತ ಹೇಳಿದ್ದೆನಲ್ಲ, ಹಾಗಾಗಿ ಜೆ ಹಾಕಿಯೂ ಒಮ್ಮೆ ಹುಡುಕಿ. ಗೂರ್ಖಾ ಪದವನ್ನೂ ಬಿಡಬೇಡಿ, ಕಾಗುಣಿತ ನಾಲ್ಕಾರು ಥರ ಇರುತ್ತದೆ. ವಸಾಹತುಗಳ ಸೈನಿಕರ ಬಗ್ಗೆ ಆಗಿನ ಜರ್ಮನ್ ಪ್ರಚಾರ ಒರಟು, ಜನಾಂಗದ ಅವಹೇಳನ ತುಂಬಿದ್ದು. ಓದುವಾಗ ಮೈ ಉರಿಯಬಹುದು. ಆದರೂ ಪದಗಳನ್ನು ಇದ್ದ ಹಾಗೇ ಬರೆದಿಟ್ಟುಕೊಳ್ಳಿ.

ಆಮೇಲೆ ಅದೇ ವರ್ಷದ ಇನ್ನೊಂದು ಪತ್ರಿಕೆಯನ್ನು ಪಕ್ಕದಲ್ಲಿಡಿ. ಹೆಸರು 'ಹಿಂದೋಸ್ತಾನ್'. ಸೆರೆಸಿಕ್ಕ ಭಾರತೀಯ ಸೈನಿಕರನ್ನು ಬರ್ಲಿನ್ ಹತ್ತಿರದ ವ್ಯುನ್ಸ್‌ಡಾರ್ಫ್‌ನಲ್ಲಿ 'ಅರ್ಧಚಂದ್ರ ಶಿಬಿರ' ಎಂಬ ಕ್ಯಾಂಪಿನಲ್ಲಿ ಇಟ್ಟಿದ್ದರು. ಅವರನ್ನು ಬ್ರಿಟಿಷರ ವಿರುದ್ಧ ತಿರುಗಿಸಲು ಜರ್ಮನ್ ಸರ್ಕಾರವೇ ಹಿಂದಿ ಮತ್ತು ಉರ್ದುವಿನಲ್ಲಿ ತಂದ ಪತ್ರಿಕೆ ಅದು. ರಂಗದಲ್ಲಿ ತನ್ನ ಸಿಪಾಯಿಗೆ ಭಾರತೀಯನ ಬಗ್ಗೆ ಒಂದು ಮಾತು, ಕ್ಯಾಂಪಿನಲ್ಲಿ ಅದೇ ಭಾರತೀಯನಿಗೆ ಇನ್ನೊಂದು ಮಾತು. ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಇದು, ಬಲಕ್ಕೆ ಅದು ಬರೆಯುತ್ತಾ ಹೋಗಿ. ಹಿಂದಿ ಓದಲು ಬರುವವರಿಗೆ ಬಲಗಡೆಯ ಕೆಲಸ ಬೇಗ ಮುಗಿಯುತ್ತದೆ, ಎಡಗಡೆಗೆ ಮತ್ತೆ ಉದ್ದ ಎಸ್ ಜೊತೆ ಗುದ್ದಾಡಬೇಕು.